ಪರಿಸರ ಕಾಯುವ ಸ್ವಯಂಸೇವಕರಿಗೆ ಒಂದು ಫಲಕ ಕೊಟ್ಟರೆ ಸಾಕಾ?

ಪ್ರಶ್ನೆ: ನಮ್ಮದು ಚಿಕ್ಕ ಸಂಘ. ಕೆರೆ, ಮರ, ಹಕ್ಕಿ ಅಂತ ವರ್ಷಗಟ್ಟಲೆ ಪುಕ್ಕಟೆ ದುಡಿದ ಕೆಲವರನ್ನು ಗೌರವಿಸಬೇಕು ಅಂದುಕೊಂಡಿದ್ದೇವೆ. ಪ್ರಮಾಣಪತ್ರ, ಫಲಕ ಕೊಟ್ಟರೆ ಸಾಕಾ? ಪ್ರಶಸ್ತಿ ಕೊಟ್ಟರೆ ಸೇವೆ ಮಾಡುವ ಮನಸ್ಸೇ ಕೆಡುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ನಿಜವಾ?

ಉತ್ತರ: ಫಲಕ ಕೊಡಿ, ತಪ್ಪೇನಿಲ್ಲ. ಆದರೆ ಅದರ ಮೇಲೆ ಏನು ಬರೆಸುತ್ತೀರಿ ಅನ್ನುವುದನ್ನು ಮೊದಲು ಯೋಚನೆ ಮಾಡಿ.

ಇಂಥದ್ದೇ ಒಂದು ಕಾರ್ಯಕ್ರಮದಲ್ಲಿ ನಾನು ಕೂತಿದ್ದೆ. ಹದಿನಾಲ್ಕು ಜನರಿಗೆ ಒಂದೇ ಅಚ್ಚಿನ ಪ್ರಮಾಣಪತ್ರ. ಎಲ್ಲರ ಹೆಸರಿನ ಕೆಳಗೂ ‘ಪರಿಸರ ಪ್ರೇಮಿ’ ಅಂತ ಒಂದೇ ಮಾತು. ನನ್ನ ಪಕ್ಕದಲ್ಲಿದ್ದ ಹಿರಿಯರು ಒಂದೇ ಕೆರೆಯ ಹಕ್ಕಿಗಳನ್ನು ಒಂಬತ್ತು ವರ್ಷ, ಭಾನುವಾರ ತಪ್ಪದೆ ಎಣಿಸಿದವರು. ಕೈಯಲ್ಲಿ ಅವರ ನೋಟ್‌ಬುಕ್ ಇತ್ತು. ತೆಗೆದು ತೋರಿಸಿದರು. ಮಳೆ ಹನಿ ಬಿದ್ದು ಶಾಯಿ ಹರಡಿದ ಪುಟಗಳು. ಒಂದು ದಿನದ ಎದುರು ಪೆನ್ಸಿಲ್‌ನಲ್ಲಿ ‘ಮಂಜು. ಏನೂ ಕಾಣಲಿಲ್ಲ’ ಅಂತ ಬರೆದಿದ್ದರು. ವೇದಿಕೆಯ ಮೇಲೆ ಆ ನೋಟ್‌ಬುಕ್ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಹೆಸರು ಕೂಗಿದರು, ಫೋಟೋ ತೆಗೆದರು, ಮುಂದಿನವರನ್ನು ಕರೆದರು. ಅವರು ವಾಪಸ್ ಬಂದು ಕೂತು, ಪ್ರಮಾಣಪತ್ರವನ್ನು ಮಡಚಿ ಅದೇ ನೋಟ್‌ಬುಕ್ ಒಳಗೆ ಇಟ್ಟುಕೊಂಡರು. ನೆನೆಸಿಕೊಂಡರೆ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಗೌರವಿಸುವುದು ಅಂದರೆ ‘ನೀವು ಮಾಡಿದ್ದನ್ನು ನಾವು ಕಂಡಿದ್ದೇವೆ’ ಅಂತ ಹೇಳುವುದು. ಕಂಡವರಿಗೆ ವಿವರ ಗೊತ್ತಿರುತ್ತದೆ, ಅಲ್ವಾ? ‘ಪರಿಸರ ಪ್ರೇಮಿ’ ಅಂತ ಯಾರನ್ನು ಬೇಕಾದರೂ ಕರೆಯಬಹುದು. ‘ಒಂಬತ್ತು ವರ್ಷ ಈ ಕೆರೆಯ ಹಕ್ಕಿ ಎಣಿಸಿದವರು’ ಅಂತ ಒಬ್ಬರನ್ನು ಮಾತ್ರ ಕರೆಯಬಹುದು. ಆ ಸಾಲು ಬರೆಯಬೇಕಾದರೆ ನೀವು ಅವರ ಜೊತೆ ಒಂದು ಬೆಳಿಗ್ಗೆಯಾದರೂ ಕೆರೆ ದಂಡೆಗೆ ಹೋಗಿ ನಿಲ್ಲಬೇಕು.

ಇಂಥ ಎಣಿಕೆ ಸಣ್ಣ ಕೆಲಸ ಅಂದುಕೊಳ್ಳಬೇಡಿ. 1900ರ ಕ್ರಿಸ್‌ಮಸ್ ದಿನ ಹಕ್ಕಿಗಳನ್ನು ಬೇಟೆಯಾಡುವ ಬದಲು ಎಣಿಸೋಣ ಅಂತ ಅಮೆರಿಕದ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಕರೆ ಕೊಟ್ಟರು. ಆವತ್ತು ಎಣಿಸಿದ್ದು ಬರೀ 27 ಜನ. ಆ ಎಣಿಕೆ ಇಂದಿಗೂ ವರ್ಷ ವರ್ಷ ನಡೆಯುತ್ತಿದೆ. ಯಾವ ಹಕ್ಕಿ ಕಡಿಮೆಯಾಯಿತು, ಯಾವುದು ಜಾಸ್ತಿಯಾಯಿತು ಅಂತ ತಿಳಿಯಲು ವಿಜ್ಞಾನಿಗಳು ಆ ಲೆಕ್ಕವನ್ನೇ ನೋಡುತ್ತಾರೆ.

ಇನ್ನು ಪ್ರಶಸ್ತಿಯಿಂದ ಮನಸ್ಸು ಕೆಡುತ್ತದಾ ಅನ್ನುವ ಮಾತು. ಇದು ಸುಮ್ನೆ ಹುಟ್ಟಿದ ಅನುಮಾನ ಅಲ್ಲ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ, ಚಿತ್ರ ಮುಗಿದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಬಹುಮಾನ ಕೊಟ್ಟ ಮಕ್ಕಳ ಆಸಕ್ತಿಗೆ ಏನೂ ಆಗಿರಲಿಲ್ಲ.

ಮಕ್ಕಳ ಮೇಲೆ ಮಾಡಿದ ಅಧ್ಯಯನವನ್ನು ದೊಡ್ಡವರಿಗೆ ಹಾಗೇ ಹೊಂದಿಸಲು ಆಗುವುದಿಲ್ಲ, ನಿಜ. ಆದರೂ ನಿಮಗೆ ಒಂದು ಎಚ್ಚರಿಕೆ ಅದರಲ್ಲಿದೆ. ‘ಇಷ್ಟು ಗಿಡ ನೆಟ್ಟವರಿಗೆ ಪ್ರಶಸ್ತಿ’ ಅಂತ ಮೊದಲೇ ಸಾರಿದರೆ ಜನ ಗಿಡ ನೆಡುತ್ತಾರೆ. ಎರಡನೇ ಬೇಸಿಗೆಯಲ್ಲಿ ನೀರು ಹಾಕಲು ಎಷ್ಟು ಜನ ಬರುತ್ತಾರೋ ಹೇಳಲಾಗದು. ಕೆಲಸ ಆದ ಮೇಲೆ, ಅವರು ನಿರೀಕ್ಷೆ ಮಾಡದಿದ್ದಾಗ ಹೋಗಿ ಗೌರವಿಸಿ.

ಯಾರನ್ನು ಆರಿಸಬೇಕು ಅನ್ನುವುದರಲ್ಲೇ ಹೆಚ್ಚಿನ ಸಂಘಗಳು ಎಡವುತ್ತವೆ. ಗಿಡ ನೆಟ್ಟವರು ಫೋಟೋದಲ್ಲಿ ಕಾಣುತ್ತಾರೆ. ಅರ್ಜಿ ಬರೆದವರು, ಅಹವಾಲು ಸಭೆಗೆ ರಜೆ ಹಾಕಿ ಹೋದವರು, ಕಚೇರಿಯಿಂದ ಕಚೇರಿಗೆ ಕಡತದ ಬೆನ್ನು ಹತ್ತಿದವರು ಎಲ್ಲೂ ಕಾಣುವುದಿಲ್ಲ. ಅವರ ಕೆಲಸ ಗೆದ್ದರೆ ಏನೂ ಆಗುವುದಿಲ್ಲ! ಮರ ನಿನ್ನೆ ಇದ್ದಲ್ಲೇ ಇವತ್ತೂ ಇರುತ್ತದೆ. ಕೆರೆ ನಿನ್ನೆಯಷ್ಟೇ ಅಗಲ ಇರುತ್ತದೆ. ಅದನ್ನು ಫೋಟೋ ತೆಗೆಯುವುದು ಹೇಗೆ? ಆದ್ದರಿಂದ ‘ಏನು ಮಾಡಿದರು’ ಅನ್ನುವುದರ ಜೊತೆ ‘ಇವರಿಲ್ಲದಿದ್ದರೆ ಏನು ಆಗಿಬಿಡುತ್ತಿತ್ತು’ ಅಂತಲೂ ಕೇಳಿ. ಪಟ್ಟಿಗೆ ಒಂದೆರಡು ಹೊಸ ಹೆಸರು ಬಂದೇ ಬರುತ್ತವೆ.

ಒಬ್ಬರನ್ನೇ ಎತ್ತಿ ಹಿಡಿದರೆ ಜೊತೆಯಲ್ಲಿ ದುಡಿದವರಿಗೆ ನೋವಾಗುತ್ತದೆ ಅನ್ನಿಸಿದರೆ ಇಡೀ ಗುಂಪಿಗೇ ಕೊಡಿ. 1987ರ ರೈಟ್ ಲೈವ್‌ಲಿಹುಡ್ ಅನ್ನುವ ಅಂತರರಾಷ್ಟ್ರೀಯ ಪ್ರಶಸ್ತಿ ಯಾರೋ ಒಬ್ಬರಿಗಲ್ಲ, ಮರಗಳನ್ನು ಅಪ್ಪಿಕೊಂಡು ಕಾಡು ಉಳಿಸಲು ನಿಂತ ಚಿಪ್ಕೋ ಚಳವಳಿಗೇ ಬಂದಿತ್ತು.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆಯೇ ಇದೆ. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಬೆಳೆಸಿದ 385 ಆಲದ ಮರಗಳ ಬಗ್ಗೆ ನೀವು ಕೇಳಿರುತ್ತೀರಿ. ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ ಸಾಕಿದ ಗಿಡಗಳು ಅವು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಕೆಲಸದಿಂದ ಆ ಮರಗಳಿಗೇ ಕುತ್ತು ಬಂತು. ಅಷ್ಟು ವಯಸ್ಸಾದ ಅಜ್ಜಿಯೇ ಮುಖ್ಯಮಂತ್ರಿಗೆ ಮನವಿ ಮಾಡಬೇಕಾಯಿತು. ಸರ್ಕಾರ ಬೇರೆ ದಾರಿ ಹುಡುಕಲು ಒಪ್ಪಿತು. ಬೆಳೆಸಿದವರನ್ನು ವೇದಿಕೆಗೆ ಕರೆದು, ಬೆಳೆಸಿದ್ದನ್ನು ಕಡಿಯಲು ಬಿಟ್ಟರೆ ಅದೆಂಥ ಗೌರವ? ನಿಮ್ಮ ಕಾರ್ಯಕ್ರಮದ ದಿನ ಆ ಕೆರೆಗೆ, ಆ ಮರಗಳಿಗೆ ಸದ್ಯ ಏನು ಅಪಾಯ ಇದೆ ಅಂತ ವಿಚಾರಿಸಿ. ಅಲ್ಲಿಗೆ ಬಂದ ಅಧಿಕಾರಿಗಳ ಮುಂದೆ ಅದನ್ನು ಹೆಸರು ಹಿಡಿದು ಹೇಳಿ. ಬಂದವರಿಂದ ಒಂದು ಮನವಿಗೆ ಸಹಿ ಹಾಕಿಸಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರ ಮಾಡಬೇಡಿ. ಹೊಂಡುರಾಸ್‌ನ ಬೆರ್ತಾ ಕಾಸೆರೆಸ್ ತಮ್ಮ ಲೆಂಕಾ ಮೂಲನಿವಾಸಿ ಜನರ ನದಿಗೆ ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿದವರು. 2015ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2016ರ ಮಾರ್ಚ್‌ನಲ್ಲಿ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಕಾಡು ಕಡಿಯುವವರ ವಿರುದ್ಧ ನಿಂತ ಮೆಕ್ಸಿಕೋದ ಇಸಿದ್ರೊ ಬಾಲ್ದೆನೆಗ್ರೊಗೂ ಅದೇ ಪ್ರಶಸ್ತಿ ಬಂದಿತ್ತು, 2005ರಲ್ಲಿ. 2017ರಲ್ಲಿ ಅವರನ್ನೂ ಕೊಂದರು. ಪ್ರಶಸ್ತಿ ಎಲ್ಲರಿಗೂ ರಕ್ಷಣೆ ಆಗುವುದಿಲ್ಲ. ಹೆಸರು ಹೊರಗೆ ಬಂದರೆ ತೊಂದರೆ ಅನ್ನುವಂಥ ಹೋರಾಟದಲ್ಲಿ ಇರುವವರನ್ನು ಮೊದಲು ಕೇಳಿ. ಫೋಟೋ ಬೇಡ ಅಂದರೆ ಬೇಡ. ಎಲ್ಲಿ ಇರುತ್ತಾರೆ ಅನ್ನುವುದು ಹೇಗೂ ಬೇಡ. ಹಾಗೆಯೇ ಅಪರೂಪದ ಹಕ್ಕಿಯ ಗೂಡು ಕಾದವರನ್ನು ಹೊಗಳುವ ಭರದಲ್ಲಿ ಗೂಡು ಇರುವ ಜಾಗವನ್ನು ಬರೆದುಬಿಡಬೇಡಿ. ಅದನ್ನು ಓದಿ ಹುಡುಕಿಕೊಂಡು ಹೋಗುವವರೂ ಇರುತ್ತಾರೆ.

ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, ಜೂನ್ 5 ಪರಿಸರ ದಿನ. ಈ ಎರಡರಲ್ಲಿ ಒಂದನ್ನು ಆರಿಸಿದರೆ ಜನರನ್ನು ಸೇರಿಸುವುದು ಸುಲಭ. ಆದರೆ ಕೆಲಸ ನಡೆದ ಜಾಗದಲ್ಲೇ ಮಾಡಿ.

ಏನು ಕೊಡಬೇಕು ಅಂತ ಇನ್ನೂ ಗೊಂದಲ ಇದ್ದರೆ ಅವರನ್ನೇ ಕೇಳಿ. ಆವತ್ತು ಕಾರ್ಯಕ್ರಮ ಮುಗಿದ ಮೇಲೆ ನಾನು ಆ ಹಿರಿಯರನ್ನು ‘ನಿಮಗೆ ನಿಜವಾಗಿ ಏನು ಬೇಕಿತ್ತು ಸರ್?’ ಅಂತ ಕೇಳಿದೆ. ‘ಇದು ನೀರಲ್ಲಿ ನೆನೆದು ಹೋಗುವ ಮೊದಲು ಯಾರಾದರೂ ಒಂದು ಪ್ರತಿ ಮಾಡಿಕೊಟ್ಟರೆ ಸಾಕು’ ಅಂದರು. ಮುಂದಿನ ಕೆಲವು ಭಾನುವಾರ ನಾವು ಮೂವರು ಅವರ ಜೊತೆ ಕೂತು ಎಲ್ಲ ಪುಟಗಳನ್ನೂ ಟೈಪ್ ಮಾಡಿದೆವು. ಅಕ್ಷರ ಅಳಿಸಿದ್ದ ಕಡೆ ಅವರೇ ನೆನಪು ಮಾಡಿಕೊಂಡು ಹೇಳಿದರು. ‘ಮಂಜು. ಏನೂ ಕಾಣಲಿಲ್ಲ’ ಅಂತ ಬರೆದಿದ್ದ ದಿನವನ್ನೂ ಬಿಡಲಿಲ್ಲ.