ಧರಹರ ಬಿತ್ತು, ನ್ಯಾತಪೋಲ ನಿಂತಿತು: ಏಕೆ?

ಓದುಗರ ಪ್ರಶ್ನೆ: 2015ರ ಭೂಕಂಪದಲ್ಲಿ ಕಾಠ್ಮಂಡುವಿನ ಧರಹರ ಗೋಪುರ ನೆಲಕಚ್ಚಿತು. ಪಕ್ಕದ ಭಕ್ತಪುರದಲ್ಲಿ ಅದಕ್ಕಿಂತ ಹಳೆಯದಾದ ಐದಂತಸ್ತಿನ ನ್ಯಾತಪೋಲ ಗುಡಿ ಮಾತ್ರ ಅಲುಗದೆ ನಿಂತಿತು. ಪಶುಪತಿನಾಥನ ಗುಡಿಗೂ ಹೆಚ್ಚೇನೂ ಆಗಲಿಲ್ಲ. ಇದು ದೈವಕೃಪೆಯೋ, ಕಟ್ಟಿದವರ ಜಾಣತನವೋ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನ್ಯಾತಪೋಲ ಅಲುಗದೆ ನಿಂತಿಲ್ಲ, ಅಲುಗಿದ್ದರಿಂದಲೇ ನಿಂತಿದೆ. ಆದರೆ ಅದಕ್ಕೂ ಮುಂಚೆ ಅಲ್ಲಿಯ ನೆಲದ ಕಥೆ ಕೇಳಬೇಕು.

ಕಾಠ್ಮಂಡು ಕಣಿವೆ ಒಂದು ಕಾಲಕ್ಕೆ ಕೆರೆಯಾಗಿತ್ತು. ಬೋಧಿಸತ್ವ ಮಂಜುಶ್ರೀ ಬಂದು ಚೋಭಾರದ ಬಳಿ ಗುಡ್ಡವನ್ನು ಖಡ್ಗದಿಂದ ಸೀಳಿದ, ನೀರು ಹರಿದುಹೋಗಿ ಊರು ಹುಟ್ಟಿತು ಎನ್ನುತ್ತಾರೆ ಅಲ್ಲಿಯ ಜನ. ಭೂವಿಜ್ಞಾನಿಗಳೂ ಕೆರೆ ಇದ್ದದ್ದು ನಿಜ ಎಂದೇ ಹೇಳುತ್ತಾರೆ. ಕೆರೆಯ ತಳದಲ್ಲಿ ಕೂತ ಜೇಡಿ ಕೆಲವು ಕಡೆ 500 ಮೀಟರಿಗೂ ಹೆಚ್ಚು ಆಳವಿದೆ. ಆ ಕಪ್ಪು ಮಣ್ಣಿಗೆ ಕಾಲಿಮಾಟಿ ಎಂದು ಹೆಸರು, ನಗರದ ಒಂದು ಬಡಾವಣೆಯ ಹೆಸರೂ ಅದೇ. ಬಟ್ಟಲಲ್ಲಿ ಹೆಪ್ಪುಗಟ್ಟಿದ ಮೊಸರನ್ನು ನೆನೆಸಿಕೊಳ್ಳಿ. ಬಟ್ಟಲನ್ನು ಒಮ್ಮೆ ತಟ್ಟಿದರೆ ಬಟ್ಟಲು ಸುಮ್ಮನಾದ ಮೇಲೂ ಮೊಸರು ತುಳುಕುತ್ತಲೇ ಇರುತ್ತದೆ. ನಗರ ಕೂತಿರುವುದು ಆ ಮೊಸರಿನ ಮೇಲೆ.

2015ರ ಏಪ್ರಿಲ್ 25, ಶನಿವಾರ, ಅಲ್ಲಿಯ ಸಮಯ 11 ಗಂಟೆ 56 ನಿಮಿಷ. ಹಿಮಾಲಯದ ಅಡಿಗೆ ನುಗ್ಗುತ್ತಿರುವ ಭಾರತದ ಭೂಫಲಕ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಜಾರಿತು. ತೀವ್ರತೆ 7.8. ಬಿರುಕು ಅಲ್ಲಿಂದ ಪೂರ್ವಕ್ಕೆ ಓಡಿ ಕಾಠ್ಮಂಡುವಿನ ಅಡಿಯಲ್ಲೇ ಹಾದುಹೋಯಿತು. ಸುಮಾರು 9,000 ಜನ ಸತ್ತರು. ನೇಪಾಳದಲ್ಲಿ ಶನಿವಾರ ರಜೆ. ನೆಲಕ್ಕುರುಳಿದ ಸಾವಿರಾರು ಶಾಲೆಗಳಲ್ಲಿ ಆಗ ಮಕ್ಕಳಿರಲಿಲ್ಲ ಎಂಬುದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕಣಿವೆಯ ನೆಲ ಆ ದಿನ ಆಡಿದ ರೀತಿ ವಿಚಿತ್ರ. ಗಡಗಡ ನಡುಗುವುದಕ್ಕಿಂತ ಹೆಚ್ಚಾಗಿ ತೂಗುಯ್ಯಾಲೆಯ ಹಾಗೆ, ಒಂದು ಸಲ ಹೋಗಿ ಬರಲು ನಾಲ್ಕೈದು ಸೆಕೆಂಡು ತೆಗೆದುಕೊಂಡು ಓಲಾಡಿತು. ಗಿಡ್ಡ ಮನೆಗಳನ್ನು ಕೆಡಹುವುದು ವೇಗದ ನಡುಕ. ಅದು ಕಡಿಮೆ ಇದ್ದದ್ದರಿಂದ ನಗರದ ಎಷ್ಟೋ ಸಣ್ಣ ಮನೆಗಳು ಉಳಿದುಕೊಂಡವು. ಬೆಟ್ಟದ ಹಳ್ಳಿಗಳಿಗೆ ಆ ಅದೃಷ್ಟವಿರಲಿಲ್ಲ. ಕಲ್ಲು ಮತ್ತು ಕೆಸರಿನ ಮನೆಗಳ ಸಿಂಧುಪಾಲ್ಚೋಕ್ ಜಿಲ್ಲೆಯಲ್ಲೇ ಅತಿ ಹೆಚ್ಚು ಜನ ಪ್ರಾಣ ಬಿಟ್ಟರು. ನಿಧಾನದ ಓಲಾಟ ಕಾಡುವುದು ಎತ್ತರದ, ಸಪೂರ ಕಟ್ಟಡಗಳನ್ನು.

ಧರಹರ ಅಂಥದ್ದೇ. 60 ಮೀಟರಿಗೂ ಮಿಕ್ಕಿದ ಎತ್ತರದ ಇಟ್ಟಿಗೆಯ ಕೊಳವೆ ಅದು. ಬಾಗಲು ಅದರಲ್ಲಿ ಮರದ ಎಲುಬಿರಲಿಲ್ಲ. ನೇಪಾಳದ ಪ್ರಧಾನಿಯಾಗಿದ್ದ ಭೀಮಸೇನ ಥಾಪಾ ಕಾಲದ ಮೂಲ ಗೋಪುರ 1934ರ ಭೂಕಂಪದಲ್ಲೇ ಮುರಿದಿತ್ತು. 2015ರಲ್ಲಿ ಬಿದ್ದದ್ದು ಆಮೇಲೆ ಕಟ್ಟಿದ್ದು. ರಜೆಯ ದಿನ ಮೇಲೆ ಹತ್ತಿದ್ದವರನ್ನೂ ಸೇರಿಸಿಕೊಂಡು ಬಿತ್ತು.

ಇನ್ನು ನ್ಯಾತಪೋಲ. ಭಕ್ತಪುರದ ಅರಸ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ದೇವಿಯ ಗುಡಿ. ಕೆಳಗೆ ಐದು ಹಂತದ ಅಗಲವಾದ ಜಗಲಿ, ಮೇಲೆ ಚೌಕಾಕಾರದ ಗುಡಿ, ಮೇಲೇರಿದಂತೆ ಕಿರಿದಾಗುವ ಐದು ಮಾಡು. ಮೆಟ್ಟಿಲ ಇಕ್ಕೆಲಗಳಲ್ಲಿ ಜಟ್ಟಿಗಳು, ಅವರ ಮೇಲೆ ಆನೆ, ಸಿಂಹ, ಹೀಗೆ ಒಂದಕ್ಕಿಂತ ಒಂದು ಹತ್ತು ಪಟ್ಟು ಬಲವುಳ್ಳ ಕಾವಲುಗಾರರು. ಕಣಿವೆಯ ಮೂಲನಿವಾಸಿಗಳಾದ ನೇವಾರ ಕುಶಲಕರ್ಮಿಗಳ ನಿಜವಾದ ಬಲ ಗೋಡೆಯೊಳಗಿದೆ: ಇಟ್ಟಿಗೆ ಮತ್ತು ಮಣ್ಣಿನ ಗಾರೆಯ ನಡುವೆ ಮರದ ಪಟ್ಟಿಗಳು, ಮೊಳೆಯ ಬದಲು ಮರದ ಬೆಣೆಗಳು. ನೆಲ ಅಲುಗಿದಾಗ ಮರದ ಕೀಲುಗಳು ಒಂದಿಷ್ಟು ಸರಿಯುತ್ತವೆ, ಉಜ್ಜುತ್ತವೆ, ಕಿರುಗುಡುತ್ತವೆ. ಕಂಪನದ ಕಸುವು ಅಲ್ಲೇ ಕರಗುತ್ತದೆ. ಸೆಟೆದು ನಿಂತ ಗೋಡೆಗೆ ಈ ಅವಕಾಶ ಇಲ್ಲ. 1934ರಲ್ಲಿ ಅದರ ಮೇಲಿನ ಅಂತಸ್ತಿಗೆ ಪೆಟ್ಟಾಗಿತ್ತು, ರಿಪೇರಿ ಮಾಡಿದರು. 2015ರಲ್ಲೂ ಉಳಿಯಿತು.

ಪಶುಪತಿನಾಥನ ಮುಖ್ಯ ಗುಡಿಯೂ ಇದೇ ನೇವಾರ ಪದ್ಧತಿಯ, ಎರಡು ಮಾಡಿನ, ಅಷ್ಟೇನೂ ಎತ್ತರವಲ್ಲದ ಕಟ್ಟಡ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರಾವಳಿಯ ಕಡೆಯಿಂದ ಹೋದವರಾದ್ದರಿಂದ ಆ ದಿನ ಇಲ್ಲಿಯ ಮನೆಗಳಲ್ಲೂ ಆತಂಕ ಇತ್ತು.

ದೈವಕೃಪೆಯ ಮಾತಿಗೆ ಬರೋಣ. ನ್ಯಾತಪೋಲದಿಂದ ಕೆಲವೇ ನಿಮಿಷದ ನಡಿಗೆಯಲ್ಲಿ ವತ್ಸಲಾ ದುರ್ಗೆಯ ಗುಡಿ ಇತ್ತು, ಶಿಖರ ಶೈಲಿಯ ಭಾರವಾದ ಕಲ್ಲಿನ ಗುಡಿ. ಅದು ಪೂರ್ತಿ ಕುಸಿಯಿತು. ಒಂದೇ ಊರಿನಲ್ಲಿ ಒಬ್ಬ ದೇವಿ ಕಾಯ್ದಳು, ಇನ್ನೊಬ್ಬಳು ಕೈಬಿಟ್ಟಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಮರ ಇದ್ದರೆ ಸಾಕು ಅಂತಲೂ ಅಲ್ಲ. ನಗರಕ್ಕೆ ಹೆಸರು ಕೊಟ್ಟ ಕಾಷ್ಠಮಂಡಪ ಹೆಸರೇ ಹೇಳುವಂತೆ ಮರದ್ದು, ಆದರೂ ಬಿತ್ತು. ಆಮೇಲೆ ಪುರಾತತ್ವಜ್ಞರು ಅಗೆದು ನೋಡಿದರೆ ತಳಪಾಯ ಏಳನೇ ಶತಮಾನದ್ದು, ಗಟ್ಟಿಮುಟ್ಟಾಗಿತ್ತು! ಆದರೆ ನಾಲ್ಕು ಮುಖ್ಯ ಕಂಬಗಳಲ್ಲಿ ಒಂದರ ಅಡಿಯ ಆಸರೆ ಕಲ್ಲೇ ಇರಲಿಲ್ಲ. ಹಿಂದಿನ ದುರಸ್ತಿಯಲ್ಲಿ ಹಾಸಿದ ಹೊಸ ನೆಲ ಆ ಕೊರತೆಯನ್ನು ಮುಚ್ಚಿಬಿಟ್ಟಿತ್ತು. ಹಳೆಯವರ ತಪ್ಪಲ್ಲ ಅದು, ನೋಡಿಕೊಳ್ಳಬೇಕಾದವರ ತಪ್ಪು. ಆ ಬೆಳಗ್ಗೆ ಮಂಟಪದಲ್ಲಿ ರಕ್ತದಾನ ಶಿಬಿರ ನಡೆಯುತ್ತಿತ್ತು.

ಧರಹರವನ್ನು ಈಗ ಕಾಂಕ್ರೀಟಿನಲ್ಲಿ ಕಟ್ಟಿದ್ದಾರೆ, 2021ರಲ್ಲಿ ಉದ್ಘಾಟನೆಯಾಯಿತು. ರಾಣಿ ಪೋಖರಿ ಕೊಳಕ್ಕೂ ಕಾಂಕ್ರೀಟ್ ಸುರಿಯಲು ಹೊರಟಾಗ ಊರವರು ಬೀದಿಗಿಳಿದು ತಡೆದರು, ಇಟ್ಟಿಗೆ ಮತ್ತು ಸುಣ್ಣದಲ್ಲೇ ಮತ್ತೆ ಕಟ್ಟಿಸಿದರು. ಕಾಷ್ಠಮಂಡಪವನ್ನೂ ಸ್ಥಳೀಯರೇ ಹಟ ಹಿಡಿದು, ಹಳೆಯ ಪದ್ಧತಿಯಲ್ಲಿ, ಮರ ಮತ್ತು ಮಣ್ಣಿನಿಂದ ಎಬ್ಬಿಸಿ ನಿಲ್ಲಿಸಿದರು. 2022ರಲ್ಲಿ ಕೆಲಸ ಮುಗಿಯಿತು.