ಬಕೆಟ್ ಗಾಡಿಯಲ್ಲಿ ಹಗ್ಗ ಎಷ್ಟು ಉದ್ದ ಇರಬೇಕು?

ಮಳೆಗಾಲ ಹತ್ತಿರ ಬಂತೆಂದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಬಕೆಟ್ ಗಾಡಿಗಳಿಗೆ, ಅಂದರೆ ಬೂಮ್ ಎಂಬ ಉದ್ದ ತೋಳಿನ ತುದಿಯ ಬಕೆಟ್‌ನಲ್ಲಿ ಜನರನ್ನು ಮೇಲೆತ್ತುವ ಗಾಡಿಗಳಿಗೆ, ಕೆಲಸ ಜಾಸ್ತಿ. ತಂತಿಯ ಮೇಲೆ ಬಾಗಿದ ಕೊಂಬೆ ಕಡಿಯಬೇಕು, ಕೆಟ್ಟ ಬೀದಿದೀಪ ಬದಲಿಸಬೇಕು. ಮೇಲೆ ನಿಂತವರು ಹಾರ್ನೆಸ್ (ಮೈಗೆ ಬಿಗಿಯುವ ಸುರಕ್ಷತಾ ಪಟ್ಟಿಗಳು) ಹಾಕಿಕೊಂಡಿರುತ್ತಾರೆ, ಆದರೆ ಅದರ ಹಗ್ಗದ ಹುಕ್ ಎಷ್ಟೋ ಸಲ ಸುಮ್ನೆ ನೇತಾಡುತ್ತಿರುತ್ತದೆ. ಸುತ್ತ ಕಂಬಿ ಇದೆ, ಬಕೆಟ್ ಒಳಗೇ ನಿಂತಿದ್ದೇವೆ, ಬೀಳುವುದು ಹೇಗೆ ಅನ್ನುವ ಧೈರ್ಯ ಅದು.

ಆದರೆ ಬಕೆಟ್ಟೇ ಮನುಷ್ಯನನ್ನು ಹೊರಗೆಸೆಯಬಹುದು. ದೋಟಿಯಲ್ಲಿ ಅಡಿಕೆ ಕೊನೆ ಇಳಿಸುವವರಿಗೆ ಇದು ಚೆನ್ನಾಗಿ ಗೊತ್ತು: ಬುಡದಲ್ಲಿ ಕೈ ಸ್ವಲ್ಪ ಅಲುಗಿದರೂ ತುದಿ ಮಾರುದ್ದ ಓಲಾಡುತ್ತದೆ. ಬೂಮ್‌ನದೂ ಇದೇ ಕಥೆ. ಗಾಡಿಯ ಎರಡು ಬದಿಯ ಆಸರೆಗಳ ನಡುವೆ 2 ಮೀಟರ್ ಅಂತರ ಇದೆ, ಒಂದು ಬದಿ 10 ಸೆಂ.ಮೀ. ಕುಸಿಯಿತು ಅಂದುಕೊಳ್ಳಿ. 15 ಮೀಟರ್ ಮೇಲಿರುವ ಬಕೆಟ್ ಸುಮಾರು 75 ಸೆಂ.ಮೀ. ಪಕ್ಕಕ್ಕೆ ಜಿಗಿಯುತ್ತದೆ. ಮಳೆಯಲ್ಲಿ ನೆನೆದ ರಸ್ತೆ ಅಂಚು, ಚರಂಡಿ ಮುಚ್ಚಿದ ಚಪ್ಪಡಿ, ಹೊಸದಾಗಿ ಮಣ್ಣು ತುಂಬಿದ ಜಾಗ ಮಲೆನಾಡಿನಲ್ಲಿ ಎಲ್ಲಿಲ್ಲ ಹೇಳಿ? ಕೊಂಬೆಯ ಅಡಿ ಸಿಕ್ಕಿಕೊಂಡ ಬಕೆಟ್ ತಟ್ಟನೆ ಬಿಡಿಸಿಕೊಂಡರೂ ಹೀಗೇ ಆಗುತ್ತದೆ.

ಕಂಬಿಯ ಎತ್ತರ ಸಾಮಾನ್ಯವಾಗಿ 1.1 ಮೀಟರ್ ಆಸುಪಾಸು. ನೆಟ್ಟಗೆ ನಿಂತಾಗ ನಮ್ಮ ದೇಹದ ಭಾರದ ಕೇಂದ್ರ ಹೊಕ್ಕುಳಿನ ಹತ್ತಿರ, ಅಂದರೆ ಕಂಬಿಗಿಂತ ಕೆಳಗೆ ಇರುತ್ತದೆ. ಕೈಗೆ ಎಟುಕಲಿಲ್ಲ ಅಂತ ನಡುಕಂಬಿಯ ಮೇಲೆ ಕಾಲಿಟ್ಟರೆ ಅದು ಕಂಬಿಯನ್ನು ದಾಟಿ ಮೇಲೆ ಹೋಗುತ್ತದೆ. ಆಗ ಕಂಬಿ ತಡೆಯುವುದಿಲ್ಲ, ಮಗುಚಿ ಹಾಕುತ್ತದೆ.

ಹಾಗಾದರೆ ಉದ್ದ ಹಗ್ಗ ಕಟ್ಟಿಕೊಂಡರೆ ಸಾಕಲ್ವಾ? ಸಾಲದು. 80 ಕಿಲೋ ತೂಕದವರು 1.8 ಮೀಟರ್ ಬೀಳಲು 0.6 ಸೆಕೆಂಡ್ ಸಾಕು. ಅಷ್ಟರಲ್ಲಿ ವೇಗ ಗಂಟೆಗೆ 21 ಕಿ.ಮೀ. ಮುಟ್ಟುತ್ತದೆ. ಬರೀ 10 ಸೆಂ.ಮೀ. ಹಿಗ್ಗುವ ಹಗ್ಗ ಅವರನ್ನು ತಡೆದರೆ ದೇಹದ ಮೇಲೆ ಬೀಳುವ ಸರಾಸರಿ ಎಳೆತ ಅವರ ತೂಕದ 19 ಪಟ್ಟು, ಸುಮಾರು 1,500 ಕಿಲೋ ಭಾರದಷ್ಟು! ಸೊಂಟದ ಬೆಲ್ಟ್ ಒಂದೇ ಇದ್ದರೆ ಇಷ್ಟೂ ಹೊಟ್ಟೆ, ಬೆನ್ನುಮೂಳೆಯ ಮೇಲೆ. ಅದಕ್ಕೇ ಅಮೆರಿಕದಲ್ಲಿ, ಬೀಳುವವರನ್ನು ತಡೆಯಲು ಸೊಂಟದ ಬೆಲ್ಟ್ ಬಳಸುವುದನ್ನು 1998ರಿಂದ ನಿಷೇಧಿಸಿದರು. ಪೂರ್ತಿ ಹಾರ್ನೆಸ್ ಎಳೆತವನ್ನು ತೊಡೆ, ಸೊಂಟ, ಭುಜಗಳಿಗೆ ಹಂಚುತ್ತದೆ. ಹಗ್ಗದ ಜೊತೆಗಿರುವ ಶಾಕ್ ಅಬ್ಸಾರ್ಬರ್‌ನ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ 1 ಮೀಟರ್ ಹಿಗ್ಗಿದರೆ ಆ 19 ಪಟ್ಟು 3 ಪಟ್ಟಿಗಿಂತ ಕೆಳಗಿಳಿಯುತ್ತದೆ.

ಆದರೆ ಹಿಗ್ಗಲು ಜಾಗ ಬೇಕು. ಹಗ್ಗ 2 ಮೀಟರ್, ಅಬ್ಸಾರ್ಬರ್ ಹಿಗ್ಗುವುದು 1.75 ಮೀಟರ್‌ವರೆಗೆ, ಬೆನ್ನಿನ ರಿಂಗ್‌ನಿಂದ ಪಾದಕ್ಕೆ 1.5 ಮೀಟರ್, ಸುರಕ್ಷತೆಗೆ ಇನ್ನೊಂದು ಮೀಟರ್. ಒಟ್ಟು 6.25 ಮೀಟರ್. ಐದು ಮೀಟರ್ ಎತ್ತರದಲ್ಲಿ ಕೆಲಸ ಮಾಡುವವರನ್ನು ಈ ಹಗ್ಗ ತಡೆಯುವ ಮೊದಲೇ ನೆಲ ಸಿಕ್ಕಿಬಿಡಬಹುದು. ಹಾಗಾಗಿ ಬೂಮ್ ಬಕೆಟ್‌ನಲ್ಲಿ ಹಗ್ಗ ಗಿಡ್ಡ ಇರಬೇಕು. ಬಿದ್ದವರನ್ನು ಹಿಡಿಯಲು ಅಲ್ಲ, ಕಂಬಿ ದಾಟಲೇ ಬಿಡದಿರಲು. ತರಬೇತಿಯಲ್ಲಿ ಇದೊಂದನ್ನು ಮನದಟ್ಟು ಮಾಡಿಸಿದರೂ ಎಷ್ಟೋ ಜೀವ ಉಳಿಯುತ್ತದೆ ಎಂದು ನಾನು ನಂಬುತ್ತೇನೆ. ಹುಕ್ ಹಾಕಬೇಕಾದ್ದು ತಯಾರಕರು ಗುರುತು ಮಾಡಿದ ಕೊಂಡಿಗೆ ಮಾತ್ರ. ಪಕ್ಕದ ಮರಕ್ಕೋ ಕಂಬಕ್ಕೋ ಹಾಕಿದರೆ ಬಕೆಟ್ ಸರಿದಾಗ ಹಗ್ಗವೇ ಹೊರಗೆಳೆಯುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹರವುವುದು ರೂಢಿ. ಹಾರ್ನೆಸ್ ಮಾತ್ರ ಅಲ್ಲಿ ಬೇಡ. ನೈಲಾನ್, ಪಾಲಿಯೆಸ್ಟರ್ ಪಟ್ಟಿಗಳಿಗೆ ಬಿಸಿಯೂ ಆಗದು, ಬಿರುಬಿಸಿಲೂ ಆಗದು. ಗಾಳಿಯಾಡುವ ನೆರಳಿನಲ್ಲಿ ನಿಧಾನ ಒಣಗಲಿ. ಒಮ್ಮೆ ಬೀಳುವವರನ್ನು ತಡೆದ ಹಾರ್ನೆಸ್ ನೋಡಲು ಚೆನ್ನಾಗಿದ್ದರೂ ಅದನ್ನು ಮತ್ತೆ ತೊಡಬಾರದು.

ಇಷ್ಟೆಲ್ಲ ಆದಮೇಲೂ ಯಾರಾದರೂ ಹೊರಗೆ ಜೋತುಬಿದ್ದರೆ ಹೊತ್ತು ಬಹಳ ಇರುವುದಿಲ್ಲ. ಕಾಲು ಅಲುಗಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಎಚ್ಚರ ಇರುವಷ್ಟು ಹೊತ್ತು ಕಾಲು ಆಡಿಸುತ್ತಿರಬೇಕು. ಬಕೆಟ್ ಇಳಿಸುವ ಲಿವರ್‌ಗಳು ಗಾಡಿಯ ಬುಡದಲ್ಲೂ ಇರುತ್ತವೆ, ಅವನ್ನು ಬಳಸಲು ಬಲ್ಲವರೊಬ್ಬರು ಸದಾ ಕೆಳಗಿರಬೇಕು. ಇಳಿಸಿದವರನ್ನು ಮಲಗಿಸಬಾರದು ಅನ್ನುವ ಹಳೆಯ ಸಲಹೆಯೊಂದಿದೆ. ಬ್ರಿಟನ್ನಿನ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್ 2009ರಲ್ಲಿ ಪ್ರಕಟಿಸಿದ ಪರಿಶೀಲನೆ ಅದನ್ನು ಒಪ್ಪಲಿಲ್ಲ. ಪ್ರಜ್ಞೆ ತಪ್ಪಿದ್ದರೆ ಎಂದಿನಂತೆಯೇ ಮಲಗಿಸಿ, ಉಸಿರು ನೋಡಿ, 108ಕ್ಕೆ ಕರೆ ಮಾಡಿ. ಆಗುಂಬೆ, ಹೊಸನಗರದ ಒಳದಾರಿಗಳಿಗೆ ಆಂಬುಲೆನ್ಸ್ ಬರಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಕೆಳಗಿನ ಲಿವರ್‌ನ ಅಭ್ಯಾಸ ಮಳೆ ಹಿಡಿಯುವ ಮೊದಲೇ, ತಂಡದ ಪ್ರತಿಯೊಬ್ಬರಿಗೂ ಆಗಿರಬೇಕು.