ವಿಮಾನದ ಸದ್ದು ಮನೆಯೊಳಗೆ ನುಗ್ಗುವುದು ಎಲ್ಲಿಂದ?

ದೇವನಹಳ್ಳಿ ಸುತ್ತಮುತ್ತ ಮನೆ ಕೊಳ್ಳುವವರು ಅದನ್ನು ಜುಲೈನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ನೋಡುವುದು ಒಳ್ಳೆಯದು. ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನ ಪಡುವಣ ಗಾಳಿಯಲ್ಲಿ ಅವು ಪೂರ್ವದಿಂದ ಬಂದಿಳಿದು ಪಶ್ಚಿಮಕ್ಕೆ ಏರುತ್ತವೆ. ಚಳಿಗಾಲದ ಮೂಡಣ ಗಾಳಿಗೆ ಎಲ್ಲ ತಿರುಗುಮುರುಗು.

ಇಳಿಯುವುದೂ ಏರುವುದೂ ಒಂದೇ ಸದ್ದಲ್ಲ. ಇಳಿಯುವ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇ ತುದಿಯಿಂದ 5 ಕಿ.ಮೀ. ದೂರದಲ್ಲಿ ಅದರ ಎತ್ತರ 300 ಮೀಟರೂ ಇರುವುದಿಲ್ಲ. ಆಗ ಕೇಳುವುದು ಎಂಜಿನ್ ಫ್ಯಾನಿನ ಕೀರಲು, ರೆಕ್ಕೆಯ ಹಿಂದಂಚಿನಲ್ಲಿ ಚಾಚುವ ಫ್ಲಾಪುಗಳಿಗೆ, ಚಕ್ರಗಳಿಗೆ ಗಾಳಿ ಬಡಿಯುವ ಸುಯ್ಯಲು. ಏರ್‌ಬಸ್ ಎ320 ಜಾತಿಯ ಹಳೆಯ ವಿಮಾನಗಳಲ್ಲಿ ಇನ್ನೊಂದು ತಮಾಷೆ: ರೆಕ್ಕೆಯಡಿಯ ಇಂಧನ ಟ್ಯಾಂಕಿನ ಒತ್ತಡ ಬಿಡುವ ದುಂಡು ರಂಧ್ರಗಳು, ಬಾಟಲಿಯ ಬಾಯಿಗೆ ಊದಿದಂತೆ ಸಿಳ್ಳೆ ಹಾಕುತ್ತವೆ. ರಂಧ್ರದ ಮುಂದೆ ಪುಟ್ಟ ತಗಡೊಂದನ್ನು ಕೂರಿಸಿದರೆ ಸಿಳ್ಳೆ ಅಡಗುತ್ತದೆ. ಜರ್ಮನಿಯ ವಿಮಾನ ಸಂಸ್ಥೆ ಲುಫ್ಟಾನ್ಸಾ 2014ರಲ್ಲಿ ಈ ಕೆಲಸ ಶುರುಮಾಡಿತು.

ಏರುವ ವಿಮಾನದ್ದು ಮಂದ್ರದ ಗುಡುಗು. ಕಷ್ಟ ಇದರದ್ದೇ. ಇದನ್ನು ತಡೆಯಲು ತೂಕ ಬೇಕು: ಗೋಡೆಯ ತೂಕ ಇಮ್ಮಡಿಯಾದರೆ ಒಳಬರುವ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಅರ್ಧವಾದಂತೆ ಅನ್ನಿಸುತ್ತದೆ. ಗಾರೆ ಮಾಡಿದ 6 ಇಂಚಿನ ಬ್ಲಾಕ್ ಗೋಡೆ 40 ಡೆಸಿಬಲ್‌ಗೂ ಹೆಚ್ಚು ತಡೆಯುವುದರಿಂದ ಗೋಡೆಗೆ ದುಡ್ಡು ಸುರಿಯಬೇಡಿ. ಮೊಟ್ಟೆ ಟ್ರೇ ಆಕಾರದ ಫೋಮ್ ಅಂಟಿಸಿದರೆ ಕೋಣೆಯೊಳಗಿನ ಮಾರ್ದನಿ ತಗ್ಗುತ್ತದೆ, ಹೊರಗಿನ ಸದ್ದಲ್ಲ.

ಕಳ್ಳದಾರಿ ಇರುವುದು ಸಂದಿನಲ್ಲಿ. 4 ಅಡಿ ಉದ್ದಗಲದ ಸ್ಲೈಡಿಂಗ್ ಕಿಟಕಿಯ ಸುತ್ತ 3 ಮಿ.ಮೀ. ಸಂದು ಇದೆಯೆನ್ನಿ. ಒಟ್ಟು ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ಅಷ್ಟೆ. ಆದರೆ ಎಂಥ ದಪ್ಪ ಗಾಜು ಹಾಕಿದರೂ ಆ ಕಿಟಕಿ 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾರದು. ಸಂದು ಹುಡುಕುವುದಕ್ಕೆ ಉಪಕರಣವೇನೂ ಬೇಡ. ಬಾಗಿಲು ಕಿಟಕಿ ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಅಂಚಿನುದ್ದಕ್ಕೂ ಹಿಡಿದು ನಡೆಯಿರಿ. ಹೊಗೆ ಥಟ್ಟನೆ ಬಾಗಿದ ಕಡೆ ಗುರುತು ಹಾಕಿ. ಚೌಕಟ್ಟು-ಗೋಡೆ ನಡುವೆ, ಏಸಿ ಪೈಪಿನ ತೂತಿನಲ್ಲಿ, ಬಾಗಿಲಿನಡಿಯಲ್ಲಿ ಸಿಗುವುದೇ ಹೆಚ್ಚು. ಅಲುಗದ ಕಡೆ ಸಿಲಿಕಾನ್ ತುಂಬಿ, ಅಲುಗುವ ಕಡೆ ಒತ್ತಿದರೆ ಕುಗ್ಗುವ ರಬ್ಬರ್ ಗ್ಯಾಸ್ಕೆಟ್ ಹಾಕಿ. ಸ್ಲೈಡಿಂಗ್ ಕಿಟಕಿಯ ಬ್ರಷ್ ಪಟ್ಟಿ ಧೂಳಿಗೆ ಸರಿ, ಸದ್ದಿಗೆ ನಿಲ್ಲದು. ಬದಲಾಯಿಸುವುದಾದರೆ ಬಾಗಿಲಿನಂತೆ ತೆರೆದು, ಮುಚ್ಚಿದಾಗ ಒತ್ತಿ ಕೂರುವ ಕಿಟಕಿಯನ್ನೇ ಹಾಕಿಸಿ.

ಜೋಡಿ ಗಾಜು ಎಂದರೆ ಸಾಕು ಎಂಬ ನಂಬಿಕೆಯೂ ಅಷ್ಟು ಸರಿಯಲ್ಲ. 4 ಮಿ.ಮೀ.ನ ಎರಡು ಗಾಜುಗಳ ನಡುವೆ 12 ಮಿ.ಮೀ. ಗಾಳಿ ಇದ್ದರೆ, ಆ ಗಾಳಿಯೇ ಸ್ಪ್ರಿಂಗ್ ಆಗಿ ಜೋಡಿ ಸುಮಾರು 245 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 245 ಕಂಪನ) ಅನುರಣಿಸುತ್ತದೆ, ಅಂದರೆ ಆ ಸ್ವರಕ್ಕೆ ತಾನೂ ಕಂಪಿಸಿ ಸದ್ದನ್ನು ಒಳಗೆ ಬಿಡುತ್ತದೆ. ಗುಡುಗಿನ ಶಕ್ತಿ ಬಹಳಷ್ಟು ಇರುವುದೂ ಅದೇ ಆಸುಪಾಸಿನಲ್ಲಿ. ಹಳೆಯ ಕಿಟಕಿ ಹಾಗೇ ಇರಲಿ, ಒಳಗಡೆ 100 ಮಿ.ಮೀ. ಬಿಟ್ಟು ಇನ್ನೊಂದು ಕಿಟಕಿ ಕೂರಿಸಿ. ಒಂದು ಗಾಜು 4, ಇನ್ನೊಂದು 6 ಮಿ.ಮೀ. ಇರಲಿ. ಅನುರಣನ 77 ಹರ್ಟ್ಸ್‌ಗೆ ಇಳಿಯುತ್ತದೆ. ದಪ್ಪ ಬೇರೆಬೇರೆ ಇದ್ದರೆ ಎರಡೂ ಗಾಜು ಒಂದೇ ಸ್ವರಕ್ಕೆ ಸೋಲುವುದಿಲ್ಲ.

ಚಾವಣಿ ಆರ್‌ಸಿಸಿಯಾದರೆ ಚಿಂತೆಯಿಲ್ಲ. 5 ಇಂಚಿನ ಸ್ಲ್ಯಾಬ್ ಚದರ ಮೀಟರಿಗೆ 300 ಕೆ.ಜಿ. ತೂಗುತ್ತದೆ. ಅರ್ಧ ಮಿ.ಮೀ. ದಪ್ಪದ ತಗಡಿನ ಶೀಟು ತೂಗುವುದು 4 ಕೆ.ಜಿ. ಮಾತ್ರ. ಶೀಟ್ ಮನೆಗೆ ಕಿಟಕಿ ಎಷ್ಟು ಬಿಗಿ ಮಾಡಿದರೂ ಸದ್ದು ಮೇಲಿನಿಂದಲೇ ಬರುತ್ತದೆ. ಶೀಟಿನಿಂದ 150 ಮಿ.ಮೀ. ಕೆಳಗೆ ಎರಡು ಪದರ ಜಿಪ್ಸಮ್ ಬೋರ್ಡು ಕಟ್ಟಿಸಿ, ಒಂದರ ಜೋಡಣೆಯ ಮೇಲೆ ಇನ್ನೊಂದರದ್ದು ಬರದಂತೆ ನೋಡಿಕೊಳ್ಳಿ, ಶೀಟಿಗೂ ಬೋರ್ಡಿಗೂ ನಡುವೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಸಿ. ಥರ್ಮಾಕೋಲ್ ಬೇಡ, ಅದಕ್ಕೆ ತೂಕವೇ ಇಲ್ಲ.

ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿಯ ವೆಂಟಿಲೇಟರನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವಕ್ಕೇ ಕುತ್ತು. ಮಲಗುವ ಕೋಣೆಗೂ ಗಾಳಿ ಬೇಕೇ ಬೇಕು. ವಿಮಾನದ ಹಾದಿಗೆ ಬೆನ್ನು ಹಾಕಿದ ಗೋಡೆಯಲ್ಲಿ ತೂತು ತೆಗೆದು, ಒಳಮೈಗೆ ರಾಕ್‌ವೂಲ್ ಹೊದಿಸಿದ, ಎರಡು ತಿರುವುಗಳಿರುವ ಪೆಟ್ಟಿಗೆ ಕೂರಿಸಿ, ಸಣ್ಣ ಫ್ಯಾನ್ ಇಟ್ಟರೆ ಗಾಳಿ ತಿರುಗಿಕೊಂಡು ಒಳಗೆ ಬರುತ್ತದೆ. ಸದ್ದಿನ ಬಹುಪಾಲನ್ನು ಹೊದಿಕೆ ಹೀರಿಕೊಳ್ಳುತ್ತದೆ.